ಎರಡನೆಯ ಸಲ ಕಂಡ ಕಾಡು

ಓದಿದ ಕಾವ್ಯವನ್ನು ಮತ್ತೆ ಓದುವವನನ್ನು ನಾವು ರಸಿಕನೆಂದು ಗೌರವಿಸುತ್ತೇವೆ. ಕೇಳಿದ ರಾಗವನ್ನೇ ಮತ್ತೊಮ್ಮೆ ಕೇಳಬಯಸುವವನನ್ನು ಮರ್ಮಜ್ಞನೆನ್ನುತ್ತೇವೆ. ಕಥೆಯೆಲ್ಲ ಬಾಯಿಪಾಠವಾಗಿದ್ದರೂ ಇರುಳಿಡೀ ಕುಳಿತು ಬಯಲಾಟ ನೋಡುವವರ ವಿಷಯದಲ್ಲಿ ಯಾರದೂ ಆಕ್ಷೇಪವಿಲ್ಲ. ಆದರೆ ನಲವತ್ತರ ಹತ್ತಿರ ಬಂದ ಗೃಹಸ್ಥನೊಬ್ಬ ತಾನು ಹುಡುಗನಾಗಿದ್ದಾಗ ಕಂಡ ಕಾರ್ಟೂನು ಧಾರಾವಾಹಿಯನ್ನು ಮತ್ತೆ ನೋಡುತ್ತ ಕುಳಿತರೆ ಮನೆಯವರು ಮುಗುಳ್ನಗುತ್ತಾರೆ. 'ಇವರಿಗಿನ್ನೂ ಮಕ್ಕಳಾಟ ಹೋಗಲಿಲ್ಲ' ಎಂಬ ಮಾತು ಅಡಿಗೆಮನೆಯಿಂದ ಕೇಳಿಬರುತ್ತದೆ. ಈ ನಗೆಗೆ ಕಾರಣವಿಲ್ಲದಿಲ್ಲ. ಬಾಲ್ಯದ ನೆನಪಿನಲ್ಲಿ ಸುಖವಾಗಿ ಮೈಮರೆಯುವುದು ಒಂದು ಬಗೆಯ ಸೋಮಾರಿತನವೂ ಆಗಬಹುದು. ಆದರೂ ಎಲ್ಲ ಮರುನೋಟವೂ ಸೋಮಾರಿತನವಲ್ಲ. ಮರುಓದು ಕಾವ್ಯಕ್ಕೆ ಏನು ಮಾಡುತ್ತದೆಯೋ ಅದನ್ನೇ ಮರುನೋಟವು ಚಿತ್ರಕ್ಕೂ ಮಾಡೀತೆ ಎಂಬುದನ್ನು ಒಂದು ಉದಾಹರಣೆ ಹಿಡಿದು ವಿಚಾರಿಸಬಹುದು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 1993ರಲ್ಲಿ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ 'ಜಂಗಲ್ ಬುಕ್' ಎಂಬ ಚಿತ್ರಮಾಲೆ ಅನೇಕರಿಗೆ ನೆನಪಿರಬಹುದು. ತೋಳಗಳ ನಡುವೆ ಬೆಳೆದ ಮೋಗ್ಲಿ ಎಂಬ ಹುಡುಗ, ಅವನ ಗುರುವಾದ ಕರಡಿ ಬಾಲೂ, ಕರಿಚಿರತೆ ಬಘೀರ, ಹೆಬ್ಬಾವು ಕಾ, ಹಗೆ ಸಾಧಿಸುವ ಹುಲಿ ಶೇರ್ ಖಾನ್. ಆ ಹೊತ್ತಿಗೆ ಬೀದಿಯಲ್ಲಿ ಮಕ್ಕಳ ಸದ್ದು ಅಡಗುತ್ತಿತ್ತು. ಗುಲ್ಜಾರರು ಬರೆದು ವಿಶಾಲ್ ಭಾರದ್ವಾಜರು ರಾಗ ಹಾಕಿದ ಅದರ ಶೀರ್ಷಿಕೆಗೀತೆಯನ್ನು ಹಿಂದಿಯ ಗಂಧವಿಲ್ಲದ ಮಕ್ಕಳೂ ಗುನುಗುತ್ತಿದ್ದರು. ಇಪ್ಪತ್ತೇಳು ವರ್ಷಗಳ ಮೇಲೆ, 2020ರ ಏಪ್ರಿಲ್ ತಿಂಗಳಿನಲ್ಲಿ, ಕೊರೊನಾ ರೋಗದ ಭಯದಿಂದ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡು ಕುಳಿತಿದ್ದಾಗ ದೂರದರ್ಶನ ಅದನ್ನು ಮತ್ತೆ ಪ್ರಸಾರ ಮಾಡಿತು. ಮೊದಲ ಸಲ ನೆಲದ ಮೇಲೆ ಕುಳಿತು ನೋಡಿದ್ದ ಮಕ್ಕಳು ಈಗ ಕುರ್ಚಿಯ ಮೇಲಿದ್ದರು. ನೆಲದ ಮೇಲೆ ಅವರ ಮಕ್ಕಳಿದ್ದರು. ಕಥೆ ಅದೇ, ಹುಲಿ ಅದೇ, ಹಾಡು ಅದೇ. ಬದಲಾದದ್ದು ನೋಡುವವನು ಕುಳಿತ ಜಾಗ. ಜಾಗ ಬದಲಾದರೆ ಕಥೆಯೂ ಬದಲಾಗುತ್ತದೆಯೆಂಬುದೇ ನಾನು ಹೇಳಬೇಕೆಂದಿರುವ ಮಾತಿನ ಸಾರ.

ಮೊದಲು ಈ ಚಿತ್ರಮಾಲೆಯ ಕುಲಗೋತ್ರವನ್ನು ತಿಳಿಯೋಣ. ಇದು ನಮ್ಮ ದೇಶದಲ್ಲಿ ತಯಾರಾದದ್ದಲ್ಲ. ಜಪಾನಿನ ನಿಪ್ಪಾನ್ ಆನಿಮೇಷನ್ ಎಂಬ ಸಂಸ್ಥೆ ಇದನ್ನು ಮಾಡಿತು. ಅಲ್ಲಿ 1989ರ ಅಕ್ಟೋಬರಿನಿಂದ ಒಂದು ವರ್ಷ ಕಾಲ, ಐವತ್ತೆರಡು ಕಂತುಗಳಲ್ಲಿ ಪ್ರಸಾರವಾಯಿತು. ಹೊರನಾಡಿನ ಪ್ರಸಿದ್ಧ ಪುಸ್ತಕವೊಂದನ್ನು ತೆಗೆದುಕೊಂಡು ವರ್ಷವಿಡೀ ವಾರಕ್ಕೊಂದು ಕಂತಿನಂತೆ ಬಿಡಿಸಿ ಹೇಳುವ ಪದ್ಧತಿ ಆ ಸಂಸ್ಥೆಯಲ್ಲಿ ಹಿಂದಿನಿಂದ ಇದ್ದಿತು. 1975ರಲ್ಲಿ ಫ್ಲಾಂಡರ್ಸಿನ ನಾಯಿಯ ಕಥೆಯನ್ನೂ 1979ರಲ್ಲಿ ಕೆನಡಾದ ಅನಾಥ ಬಾಲಕಿ ಆನ್‌ಳ ಕಥೆಯನ್ನೂ ಅವರು ಹೀಗೆಯೇ ಹೇಳಿದ್ದರು. ಹಾಲಿವುಡ್ಡಿನ ಡಿಸ್ನಿ ಸಂಸ್ಥೆ 1967ರಲ್ಲಿ ಇದೇ ಮೋಗ್ಲಿಯ ಕಥೆಯನ್ನು ಒಂದೂಕಾಲು ಗಂಟೆಯ ಹಾಡುಕುಣಿತದ ಸಿನಿಮಾ ಮಾಡಿತ್ತು. ಅದೇ ಕಥೆಗೆ ಜಪಾನಿನವರು ಇಪ್ಪತ್ತು ಗಂಟೆಯ ಅವಕಾಶ ಕೊಟ್ಟರು. ಒಂದು ಮಗು ಬೆಳೆಯುವುದನ್ನು ತೋರಿಸಲು ಒಂದೂಕಾಲು ಗಂಟೆ ಸಾಲದು. ಒಂದು ವರ್ಷ ಬೇಕು. ನೋಡುವ ಮಗುವೂ ಅಷ್ಟರಲ್ಲಿ ಒಂದು ವರ್ಷ ದೊಡ್ಡದಾಗಿರುತ್ತದೆ.

ಮೂಲಕೃತಿ ರುಡ್ಯಾರ್ಡ್ ಕಿಪ್ಲಿಂಗನದು. ಮೊದಲ ಪುಸ್ತಕ 1894ರಲ್ಲಿ, ಎರಡನೆಯದು 1895ರಲ್ಲಿ ಹೊರಬಂದವು. ಕಥೆ ನಡೆಯುವುದು ಇಂದಿನ ಮಧ್ಯಪ್ರದೇಶದ ಸಿಯೋನಿ ಬೆಟ್ಟಗಳಲ್ಲಿ, ವೈನ್‌ಗಂಗಾ ನದಿಯ ಆಸುಪಾಸಿನಲ್ಲಿ. ಆದರೆ ಅದನ್ನು ಬರೆದದ್ದು ಅಮೆರಿಕದ ವರ್ಮಾಂಟ್ ಎಂಬ ಹಿಮದ ನಾಡಿನಲ್ಲಿ. ಕಾಡಿನ ವಿವರಗಳಿಗೆ ಅವನಿಗೆ ಆಧಾರವಾದ ಗ್ರಂಥಗಳಲ್ಲಿ ಸ್ಟರ್ನ್‌ಡೇಲ್ ಎಂಬ ಅಧಿಕಾರಿ ಸಾತ್ಪುರದ ಬಿಡಾರಜೀವನವನ್ನು ಕುರಿತು 1877ರಲ್ಲಿ ಪ್ರಕಟಿಸಿದ ಪುಸ್ತಕವೂ ಒಂದು. ಭಾರತದ ಕಾಡು ಹೀಗೆ ಪುಸ್ತಕದಿಂದ ಅಮೆರಿಕಕ್ಕೆ, ಅಲ್ಲಿಂದ ಜಪಾನಿಗೆ, ಜಪಾನಿನಿಂದ ಮತ್ತೆ ಭಾರತಕ್ಕೆ ಬಂದಿತು. ದಾರಿಯಲ್ಲಿ ಕೆಲವು ಹೊಸ ಪ್ರಾಣಿಗಳೂ ಸೇರಿಕೊಂಡುವು. ಜಪಾನಿನವರು ಮೋಗ್ಲಿಗೆ ಜೊತೆಯಾಗಿ ಕೀಚಿ ಎಂಬ ಅನಾಥ ಕೆಂಪು ಪಾಂಡಾ ಮರಿಯನ್ನು ತಂದರು. ನಮ್ಮ ದೇಶದಲ್ಲಿ ಕೆಂಪು ಪಾಂಡಾ ಇರುವುದು ಸಿಕ್ಕಿಂ, ಡಾರ್ಜಿಲಿಂಗ್, ಅರುಣಾಚಲಗಳ ತಂಪು ಬೆಟ್ಟಗಳಲ್ಲಿ, ಸಿಯೋನಿಯ ಬಿಸಿಲಿನಲ್ಲಲ್ಲ. ಮಗುವಾಗಿ ನೋಡಿದಾಗ ಇದು ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಎರಡನೆಯ ಸಲ ನೋಡುವವನು ಇಂಥವನ್ನು ಕಂಡು ನಗಬಹುದು. ಆದರೆ ಮೋಗ್ಲಿ ಒಬ್ಬನೇ ಅನಾಥನಲ್ಲ, ಅವನಿಗಿಂತ ಚಿಕ್ಕ ಅನಾಥ ಜೀವವೊಂದನ್ನು ಅವನೂ ಕಾಯಬೇಕು ಎಂಬ ಭಾವವನ್ನು ತರಲು ಆ ಮರಿ ಬಂದಿದೆಯೆಂಬುದನ್ನೂ ಅವನು ಗಮನಿಸಬೇಕು.

ಮರುನೋಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ಚಿತ್ರದ ಬಡತನ. ಮಗುವಾಗಿದ್ದಾಗ ಗಾಳಿಯಂತೆ ಓಡುತ್ತಿದ್ದ ತೋಳಗಳು ಈಗ ನೋಡಿದರೆ ಕಾಲು ಆಡಿಸುತ್ತ ಒಂದೇ ಕಡೆ ನಿಂತಿವೆ. ಹಿಂದಿನ ಮರಗಳ ಪಟ ಸರಿಯುತ್ತಿದೆ. ಅದೇ ಓಟ, ಅದೇ ಬಂಡೆ, ಅದೇ ಜಲಪಾತ ಕಂತಿನಿಂದ ಕಂತಿಗೆ ಮರಳಿ ಬರುತ್ತವೆ. ಇದಕ್ಕೆ ಕಾರಣವುಂಟು. ಸಿನಿಮಾದ ಸುರುಳಿಯಲ್ಲಿ ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳು ಓಡಬೇಕು. ಪ್ರತಿಯೊಂದು ಚೌಕಟ್ಟಿಗೂ ಹೊಸ ಚಿತ್ರ ಬರೆಯುವುದಾದರೆ ವಾರಕ್ಕೊಂದು ಕಂತು ಸಿದ್ಧವಾಗುವ ಮಾತೇ ಇಲ್ಲ. ಆದ್ದರಿಂದ ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳವರೆಗೆ ನಿಲ್ಲಿಸುವ ಉಪಾಯವನ್ನು ಜಪಾನಿನವರು ರೂಢಿಸಿಕೊಂಡರು. ಆಗ ಸೆಕೆಂಡಿಗೆ ಎಂಟು ಚಿತ್ರಗಳು ಸಾಕು. 1963ರಲ್ಲಿ ಒಸಾಮು ತೇಜುಕಾ ಎಂಬ ಪ್ರಸಿದ್ಧ ಕಲಾವಿದ ತನ್ನ ಯಂತ್ರಬಾಲಕನ ಕಥೆಯನ್ನು ದೂರದರ್ಶನಕ್ಕೆ ತಂದಾಗಿನಿಂದ ಈ ಮಿತವ್ಯಯ ಅಲ್ಲಿನ ಸಂಪ್ರದಾಯವೇ ಆಯಿತು. ಮಾತನಾಡುವಾಗ ಬಾಯಿ ಮಾತ್ರ ಆಡುತ್ತದೆ, ಮುಖ ಸ್ಥಿರವಾಗಿರುತ್ತದೆ. ಕಣ್ಣು ಮಿಟುಕಿದರೆ ಅದೇ ಒಂದು ಘಟನೆ.

ಹಾಗಾದರೆ ನಾವು ಬಾಲ್ಯದಲ್ಲಿ ಕಂಡ ಆ ವೇಗ, ಆ ಭಯ ಎಲ್ಲಿದ್ದಿತು? ಅರ್ಧ ಪರದೆಯ ಮೇಲಿದ್ದಿತು, ಅರ್ಧ ಮಗುವಿನೊಳಗಿದ್ದಿತು. ನಮ್ಮ ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಇದು ಹೊಸದಲ್ಲ. ಗೊಂಬೆಗೆ ಆಡುವುದು ಒಂದು ಕೈ, ಹೆಚ್ಚೆಂದರೆ ತಲೆ. ಉಳಿದುದನ್ನೆಲ್ಲ ಆಡಿಸುವುದು ಪರದೆಯ ಹಿಂದಿನ ದನಿ. ಈ ಚಿತ್ರಮಾಲೆಯಲ್ಲಿಯೂ ಹುಲಿಯನ್ನು ಹುಲಿಯಾಗಿಸಿದ್ದು ಗೆರೆಗಳಿಗಿಂತ ಹೆಚ್ಚಾಗಿ ಕಂಠ. ಹಿಂದಿಯ ಶೇರ್ ಖಾನನಿಗೆ ದನಿ ಕೊಟ್ಟವರು ನಾನಾ ಪಾಟೇಕರ್. ಆ ದನಿ ಜನರ ಮನಸ್ಸಿನಲ್ಲಿ ಎಷ್ಟು ಬೇರೂರಿತ್ತೆಂದರೆ, 2016ರಲ್ಲಿ ಡಿಸ್ನಿಯವರ ಹೊಸ ಚಿತ್ರ ಹಿಂದಿಯಲ್ಲಿ ಬಂದಾಗ ಹುಲಿಯ ಮಾತಿಗೆ ಅವರನ್ನೇ ಕರೆಯಲಾಯಿತು. ಹಳೆಯ ಶೀರ್ಷಿಕೆಗೀತೆಯನ್ನೂ ಮರಳಿ ತರಲಾಯಿತು. ಚಿತ್ರದ ಬಡತನವನ್ನು ಕಂಡು ನಿರಾಶೆಪಡುವವನು ಮರುನೋಟವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾನೆ. ಅವನು ಇನ್ನೂ ಸ್ವಲ್ಪ ಹೊತ್ತು ಕುಳಿತರೆ ಬೇರೊಂದು ಕಾಣಿಸತೊಡಗುತ್ತದೆ.

ಅದೆಂದರೆ ಕಥೆಯೊಳಗಿನ ಹಿರಿಯರು. ಮಗು ನೋಡುವಾಗ ಕಥೆಯಲ್ಲಿ ಇಬ್ಬರೇ ಇರುತ್ತಾರೆ: ಒಬ್ಬ ಹುಡುಗ, ಒಂದು ಹುಲಿ. ಉಳಿದವರು ಅಲಂಕಾರ. ದೊಡ್ಡವನಾಗಿ ನೋಡಿದಾಗ ಹುಲಿ ಹಿಂದೆ ಸರಿಯುತ್ತದೆ. ಮಗುವನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂದು ಸಭೆ ಸೇರಿದ ತೋಳಗಳು, ತನ್ನ ಮರಿಗಳೊಡನೆ ಇನ್ನೊಂದನ್ನು ಮಡಿಲಿಗೆ ಹಾಕಿಕೊಂಡ ತಾಯಿ, ತುಂಟ ಶಿಷ್ಯನಿಗೆ ಪಾಠ ಒಪ್ಪಿಸಿಕೊಂಡು ಬೇಸತ್ತ ಕರಡಿ, ಇವರೆಲ್ಲ ಮುಂದೆ ಬರುತ್ತಾರೆ. ಮೂಲದಲ್ಲಿ ಒಂದು ಕಟ್ಟಳೆಯಿದೆ. ಹೊಸ ಮರಿಯ ಬಗ್ಗೆ ತಕರಾರು ಬಂದರೆ ತಂದೆತಾಯಿಗಳಲ್ಲದ ಇನ್ನಿಬ್ಬರು ಅದರ ಪರವಾಗಿ ಮಾತಾಡಬೇಕು. ಬಾಲೂ ಎದ್ದುನಿಂತು ಮಾತಾಡುತ್ತದೆ. ಸಭೆಯಲ್ಲಿ ಮಾತಾಡುವ ಹಕ್ಕಿಲ್ಲದ ಬಘೀರ ತಾನು ಕೊಂದ ಹೋರಿಯೊಂದನ್ನು ಬೆಲೆಯಾಗಿ ತೆತ್ತು ಮಗುವಿನ ಪ್ರಾಣ ಕೊಳ್ಳುತ್ತದೆ. ಒಂದು ಮಗು ಬದುಕಬೇಕಾದರೆ ಹೆತ್ತವರಲ್ಲದ ಇಬ್ಬರಾದರೂ ಅದರ ಪರವಾಗಿ ನಿಲ್ಲಬೇಕು ಎಂಬ ಮಾತು ಎಂಟು ವರ್ಷದವನಿಗೆ ಕೇಳಿಸುವುದಿಲ್ಲ. ಮಗುವನ್ನು ಶಾಲೆಗೆ ಬಿಟ್ಟು ಬಂದವನಿಗೆ ಮಾತ್ರ ಕೇಳಿಸುತ್ತದೆ.

ನಮ್ಮ ಗೋವಿನ ಹಾಡಿನ ಅನುಭವವೂ ಇದೇ ಅಲ್ಲವೆ? ಶಾಲೆಯ ಬೆಂಚಿನ ಮೇಲೆ ಕುಳಿತಾಗ ನಮ್ಮ ಕಿವಿಯೆಲ್ಲ ಹುಲಿಯ ಕಡೆಗೆ. ತಿಂದೀತೇ, ಬಿಟ್ಟೀತೇ ಎಂಬುದೊಂದೇ ಪ್ರಶ್ನೆ. ವರ್ಷಗಳು ಕಳೆದ ಮೇಲೆ ಅದೇ ಹಾಡನ್ನು ಕೇಳುವಾಗ ಕೊರಳು ಬಿಗಿಯುವುದು ಹುಲಿಯೆದುರಿಗಲ್ಲ, ಅದಕ್ಕೂ ಮೊದಲು. ಪುಣ್ಯಕೋಟಿ ದೊಡ್ಡಿಗೆ ಬಂದು ತನ್ನ ತಬ್ಬಲಿ ಕರುವನ್ನು ಉಳಿದ ಹಸುಗಳ ಕೈಗೆ ಒಪ್ಪಿಸುವ ಎಡೆಯಲ್ಲಿ. ಹಾಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಕರುವಿನ ಜಾಗದಿಂದ ಕೇಳುತ್ತಿದ್ದವರು ಈಗ ಹಸುವಿನ ಜಾಗದಿಂದ ಕೇಳುತ್ತಿದ್ದೇವೆ, ಅಷ್ಟೆ.

ಕಿಪ್ಲಿಂಗನಿಗೆ ಈ ಒಪ್ಪಿಸುವಿಕೆಯ ಕಹಿ ಗೊತ್ತಿದ್ದಿತು. ಅವನು ಹುಟ್ಟಿದ್ದು 1865ರ ಡಿಸೆಂಬರಿನಲ್ಲಿ, ಮುಂಬಯಿಯಲ್ಲಿ. ಆರು ವರ್ಷ ತುಂಬುವ ಮೊದಲೇ, 1871ರಲ್ಲಿ, ಅವನನ್ನೂ ಅವನ ತಂಗಿಯನ್ನೂ ಇಂಗ್ಲೆಂಡಿನ ಸೌತ್‌ಸೀ ಎಂಬಲ್ಲಿ ಹಣ ಪಡೆದು ಮಕ್ಕಳನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಬಿಟ್ಟು ತಂದೆತಾಯಿ ಹಡಗು ಹತ್ತಿದರು. ಅಲ್ಲಿ ಕಳೆದ ಐದಾರು ವರ್ಷಗಳನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. 1937ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿಯೂ ಆ ಗಾಯ ಹಸಿಯಾಗಿದೆ. ಮುಂದೆ 1892ರ ಚಳಿಗಾಲದಲ್ಲಿ, ವರ್ಮಾಂಟಿನ ಪುಟ್ಟ ಮನೆಯೊಂದರಲ್ಲಿ ಮೋಗ್ಲಿಯ ಕಥೆಗಳು ಕುದುರತೊಡಗಿದಾಗಲೇ ಅವನ ಮೊದಲ ಮಗಳು ಹುಟ್ಟಿದಳು. ಪರರ ಮನೆಯಲ್ಲಿ ಪ್ರೀತಿ ಕಾಣದೆ ಬೆಳೆದವನು ತಂದೆಯಾದ ಹೊತ್ತಿನಲ್ಲಿ, ಪರಜಾತಿಯ ಮಗುವನ್ನು ತೋಳಗಳು ಪ್ರೀತಿಯಿಂದ ಸಾಕಿದ ಕಥೆ ಬರೆದನು. ಇದು ಕಾಕತಾಳೀಯವೆಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

ಹಿರಿಯರನ್ನು ಕಂಡ ಮೇಲೆ ಅವರು ಕಲಿಸಿದ ಪಾಠ ಯಾವುದೆಂದು ಕೇಳಬೇಕು. 'ಕಾಡಿನ ನ್ಯಾಯ' ಎಂಬ ಮಾತನ್ನು ನಾವು ದಿನಪತ್ರಿಕೆಗಳಲ್ಲಿ ಬಳಸುವುದು ಬಲವಿದ್ದವನು ಬಾಳಿಯಾನು ಎಂಬರ್ಥದಲ್ಲಿ. ನಮ್ಮ ಪ್ರಾಚೀನರು ಅದನ್ನು ಮಾತ್ಸ್ಯನ್ಯಾಯವೆಂದು ಕರೆದರು; ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ರೀತಿ. ಆದರೆ ಮೋಗ್ಲಿಯ ಕಾಡಿನಲ್ಲಿ ಕಟ್ಟಳೆಯೆಂದರೆ ಅದಕ್ಕೆ ನೇರ ವಿರುದ್ಧವಾದುದು. ಬಲವಿದ್ದವನನ್ನು ತಡೆದು ನಿಲ್ಲಿಸುವುದೇ ಕಟ್ಟಳೆ. ಎರಡನೆಯ ಪುಸ್ತಕದಲ್ಲಿ ಬರಗಾಲದ ಪ್ರಸಂಗವೊಂದು ಬರುತ್ತದೆ. ನದಿ ಬತ್ತಿ ಅದರ ನಡುವಿನ ಬಂಡೆ ತಲೆಯೆತ್ತಿದ ದಿನ ಹಾಥಿ ಎಂಬ ಹಿರಿಯ ಆನೆ ನೀರಿನ ಒಪ್ಪಂದವನ್ನು ಸಾರುತ್ತದೆ. ಅಂದಿನಿಂದ ನೀರು ಕುಡಿಯುವ ತಾಣದಲ್ಲಿ ಯಾರೂ ಯಾರನ್ನೂ ಕೊಲ್ಲಕೂಡದು. ಜಿಂಕೆಯೂ ಹುಲಿಯೂ ಒಂದೇ ಹೊಂಡದಲ್ಲಿ ಬಾಯಿಡುತ್ತವೆ. ಶೇರ್ ಖಾನ್ ದುಷ್ಟನಾದದ್ದು ಹುಲಿಯಾಗಿ ಹುಟ್ಟಿದ್ದರಿಂದಲ್ಲ, ಕಟ್ಟಳೆಯನ್ನು ಮೀರಿದ್ದರಿಂದ. ಬಂದರ್‌ಲೋಗ್ ಎಂಬ ಕೋತಿಗಳ ಹಿಂಡನ್ನು ಉಳಿದವರು ಹೊರಗಿಡುವುದೂ ಅವಕ್ಕೆ ಕಟ್ಟಳೆಯಿಲ್ಲವೆಂದು, ಹಿಡಿದ ಕೆಲಸದ ನೆನಪಿಲ್ಲವೆಂದು. ಬಾಲಕನಾಗಿ ನೋಡಿದವನಿಗೆ ಕೋತಿಗಳೇ ಪ್ರಿಯ. ಅವು ಪಾಠ ಒಪ್ಪಿಸಬೇಕಾಗಿಲ್ಲವಲ್ಲ! ಬೆಳೆದ ಮೇಲೆ ಕರಡಿಯ ಮೇಲೆ ಕನಿಕರ ಹುಟ್ಟುತ್ತದೆ.

ಇನ್ನು ಮಾತಿನ ವಿಷಯ. ಎರಡನೆಯ ಸಲ ನೋಡುವವನಿಗೆ ದೊರೆಯುವ ದೊಡ್ಡ ಲಾಭ ಇಲ್ಲಿದೆ. 1993ರಲ್ಲಿ ನಮ್ಮ ಕಡೆಯ ಎಷ್ಟೋ ಮಕ್ಕಳು ಈ ಕಥೆಯನ್ನು ನೋಡಿದರು, ಕೇಳಲಿಲ್ಲ. ಹಿಂದಿ ಅವರಿಗೆ ಸದ್ದಾಗಿತ್ತು, ಮಾತಾಗಿರಲಿಲ್ಲ. ಈಗ ಅದೇ ಮಕ್ಕಳು ಓದು, ಉದ್ಯೋಗ, ಊರೂರು ಅಲೆದಾಟಗಳಿಂದ ಆ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದಾರೆ. ಮರುನೋಟದಲ್ಲಿ ಹೆಸರುಗಳು ಒಂದೊಂದಾಗಿ ಬಾಯಿ ಬಿಡುತ್ತವೆ. ಬಾಲೂ ಎಂದರೆ ಭಾಲೂ, ಕರಡಿ. ಬಘೀರ ಎಂದರೆ ಚಿರತೆ. ಹಾಥಿ ಆನೆಯೇ. ತಬಾಕಿ ಎಂಬ ನರಿಯ ಹೆಸರಿನಲ್ಲಿ ತಟ್ಟೆ ನೆಕ್ಕುವವನೆಂಬ ಹೀಯಾಳಿಕೆಯಿದೆ. ಖಾನ್ ಎಂಬುದು ದೊಡ್ಡಸ್ತಿಕೆಯ ಬಿರುದು. ಎಲ್ಲಕ್ಕಿಂತ ಮಿಗಿಲಾದುದು ತೋಳಗಳ ನಾಯಕನ ಹೆಸರು, ಅಕೇಲಾ, ಎಂದರೆ ಒಬ್ಬಂಟಿ. ಹಿಂಡಿನ ಮುಂದಾಳಿಗೆ ಒಬ್ಬಂಟಿಯೆಂದು ಹೆಸರು! ಇಂಗ್ಲಿಷ್ ಓದುವ ಮಗುವಿಗೂ ಜಪಾನಿನ ಮಗುವಿಗೂ ಅದೊಂದು ಇಂಪಾದ ಸದ್ದು ಮಾತ್ರ. ಹಿಂದಿ ಬಲ್ಲ ಮಗುವಿಗೆ ಮೊದಲ ಕಂತಿನಿಂದಲೇ ಅದರ ಅರ್ಥ ಗೊತ್ತು. ಕನ್ನಡದ ಮಗುವಿಗೆ ಅದು ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು. ಅಷ್ಟರಲ್ಲಿ ಅವನೂ ಒಂದು ಮನೆಯ ಹಿರಿಯನಾಗಿ ಆ ಹೆಸರಿನ ಭಾರವನ್ನು ಬಲ್ಲವನಾಗಿದ್ದ.

ಮೂಲದಲ್ಲಿ ತಾಯಿತೋಳದ ಹೆಸರು ರಕ್ಷಾ. ಕಿಪ್ಲಿಂಗ್ ಅದಕ್ಕೆ ಕೊಟ್ಟ ಅರ್ಥ ರಾಕ್ಷಸಿ. ನಮ್ಮ ಕಿವಿಗಾದರೋ ರಕ್ಷೆಯೆಂಬುದೇ ಮೊದಲು ಕೇಳುವ ಅರ್ಥ. ಹುಲಿಯೆದುರಿಗೆ ಮಗುವನ್ನು ಅಡ್ಡಗಟ್ಟಿ ನಿಂತ ತಾಯಿ ಹುಲಿಗೆ ರಾಕ್ಷಸಿ, ಮಗುವಿಗೆ ರಕ್ಷೆ. ಬರೆದವನು ಒಂದನ್ನು ಉದ್ದೇಶಿಸಿದರೆ ಭಾಷೆ ಇನ್ನೊಂದನ್ನೂ ಸೇರಿಸಿಕೊಟ್ಟಿತು. ಮೋಗ್ಲಿ ಎಂಬ ಹೆಸರು ಮಾತ್ರ ಯಾವ ಭಾಷೆಯದೂ ಅಲ್ಲ. ಕಪ್ಪೆಯೆಂಬರ್ಥವನ್ನು ಆರೋಪಿಸಿ ಕಿಪ್ಲಿಂಗ್ ತಾನೇ ಹುಟ್ಟಿಸಿದ ಪದವದು. ಮೊದಲ ಅಕ್ಷರವನ್ನು 'ಮೌ' ಎಂದು ಉಚ್ಚರಿಸಬೇಕೆಂಬುದು ಅವನ ಸೂಚನೆ. ನಮ್ಮ ಮಕ್ಕಳು 'ಮೋ' ಎಂದೇ ಕೂಗಿದರು, ಕಥೆಗೆ ಏನೂ ಕೊರತೆಯಾಗಲಿಲ್ಲ. ಎಷ್ಟೋ ಪ್ರಾಣಿಗಳಿಗೆ ನೆಲದ ಭಾಷೆಯಲ್ಲಿ ಹೆಸರಿರುವಾಗ ಮನುಷ್ಯನ ಮಗುವಿಗೆ ಯಾವ ಭಾಷೆಗೂ ಸೇರದ ಹೆಸರು ಎಂಬುದರಲ್ಲಿ ಆ ಹುಡುಗನ ಪಾಡೆಲ್ಲ ಅಡಗಿದೆ.

ಕಿಪ್ಲಿಂಗನ ಬಾಲ್ಯವೂ ಎರಡು ಭಾಷೆಗಳ ನಡುವಿನದು. ಮುಂಬಯಿಯ ಮನೆಯಲ್ಲಿ ಆಯಾಗಳ ಕೈಯಲ್ಲಿ ಬೆಳೆದ ಅವನಿಗೆ ಯೋಚನೆ, ಕನಸುಗಳು ಬರುತ್ತಿದ್ದುದು ದೇಶಭಾಷೆಯಲ್ಲಿ. ತಂದೆತಾಯಿಯರ ಬಳಿಗೆ ಹೋಗುವಾಗ ಇಂಗ್ಲಿಷಿನಲ್ಲಿ ಮಾತಾಡಬೇಕೆಂದು ಆಯಾ ಹೇಳಿ ಕಳುಹಿಸಬೇಕಾಗುತ್ತಿತ್ತೆಂದು ಅವನೇ ನೆನಪಿಸಿಕೊಂಡಿದ್ದಾನೆ. ಆದುದರಿಂದಲೇ ಇರಬೇಕು, ಅವನ ಕಾಡಿನಲ್ಲಿ ಬದುಕಿ ಉಳಿಯುವ ವಿದ್ಯೆಯೆಂದರೆ ಉಗುರುಹಲ್ಲಿನ ವಿದ್ಯೆಯಲ್ಲ, ಮಾತಿನ ವಿದ್ಯೆ. ಬಾಲೂ ಕಲಿಸುವುದು ಒಂದೊಂದು ಕುಲದ ಮಂತ್ರದಂಥ ಮಾತನ್ನು: ಹಕ್ಕಿಗಳಿಗೊಂದು, ಹಾವುಗಳಿಗೊಂದು, ಬೇಟೆಯ ಮೃಗಗಳಿಗೊಂದು. ಅದರ ತಿರುಳು ತಾನೂ ಅವರ ನೆಂಟನೆಂದು ಅವರದೇ ಭಾಷೆಯಲ್ಲಿ ತಿಳಿಸುವುದು. ಕೋತಿಗಳು ಹುಡುಗನನ್ನು ಹೊತ್ತೊಯ್ಯುವಾಗ ಆಕಾಶದ ಹದ್ದಿಗೆ ಅವನು ಹದ್ದಿನ ಮಾತಿನಲ್ಲಿ ಕೂಗಿ ಹೇಳುತ್ತಾನೆ. ಪಾಳುನಗರದಲ್ಲಿ ನಾಗರಗಳ ನಡುವೆ ಬಿದ್ದಾಗ ಹಾವಿನ ಮಾತು ಅವನನ್ನು ಕಾಯುತ್ತದೆ. ಮಗುವಾಗಿ ನೋಡಿದಾಗ ಇದು ಚಮತ್ಕಾರ. ಬೆಳೆದು ನೋಡಿದಾಗ ಪರಸ್ಥಳದಲ್ಲಿ ಬಾಳಿದ ಪ್ರತಿಯೊಬ್ಬನ ಅನುಭವ.

ಬೆಂಕಿಯನ್ನು ಆ ಕಾಡಿನ ಪ್ರಾಣಿಗಳು ಅದರ ಹೆಸರಿನಿಂದ ಕರೆಯುವುದಿಲ್ಲ, ಕೆಂಪು ಹೂವೆನ್ನುತ್ತವೆ. ಮಗುವಿಗೆ ಇದು ಚೆಂದದ ಉಪಮೆ. ನಮ್ಮ ಮಲೆನಾಡಿನ ಹಿರಿಯರು ಹಾವು ಕಚ್ಚಿತೆನ್ನದೆ 'ಹುಳ ಮುಟ್ಟಿತು' ಎನ್ನುತ್ತಿದ್ದುದನ್ನೂ, ಮೈಮೇಲೆ ಸಿಡುಬೆದ್ದರೆ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದುದನ್ನೂ ಕೇಳಿಬಲ್ಲವನಿಗೆ ಅದರ ಮರ್ಮ ಹೊಳೆಯುತ್ತದೆ. ಅತಿಯಾಗಿ ಹೆದರಿದುದರ ಹೆಸರನ್ನು ನಾಲಗೆ ಹೇಳಲೊಲ್ಲದು. ಅದು ಅಲಂಕಾರವಲ್ಲ, ಭಯ.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಮಾತನ್ನು ಹೇಳದಿರಲಾಗದು. 1993ರ ಮಗುವಿಗೆ ಈ ಕಾಡು ಕನ್ನಡದಲ್ಲಿ ಮಾತಾಡಲಿಲ್ಲ. 1960ರ ದಶಕದಲ್ಲಿ ಕನ್ನಡ ಚಿತ್ರೋದ್ಯಮ ಇನ್ನೂ ಎಳೆಯದಾಗಿದ್ದಾಗ, ಪರಭಾಷೆಯ ಚಿತ್ರಗಳು ಕನ್ನಡದ ದನಿ ಹೊದ್ದು ಬಂದರೆ ಇಲ್ಲಿಯ ಕಲಾವಿದರಿಗೆ ನೆಲೆಯಿಲ್ಲವಾದೀತೆಂಬ ನ್ಯಾಯವಾದ ಆತಂಕದಿಂದ ಡಬ್ಬಿಂಗಿಗೆ ತಡೆಯೊಡ್ಡಲಾಯಿತು. ಅದು ಶಾಸನವಲ್ಲ, ಉದ್ಯಮದ ಕಟ್ಟುಪಾಡು. ಅದರಿಂದ ಕನ್ನಡದ ನಟರೂ ತಂತ್ರಜ್ಞರೂ ಉಳಿದರೆಂಬುದನ್ನು ಅಲ್ಲಗಳೆಯಲಾಗದು. ಆದರೆ ದೊಡ್ಡವರ ಜಗಳದಲ್ಲಿ ಮಕ್ಕಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೋಟಿಗಟ್ಟಲೆ ಖರ್ಚಿನ ಕಾರ್ಟೂನು ಮಾಲೆಗಳನ್ನು ನಾವೇ ತಯಾರಿಸಲಿಲ್ಲ. ತಯಾರಾದವಕ್ಕೆ ಕನ್ನಡದ ಬಾಯಿ ಕೊಡಲೂ ಇಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಕಟ್ಟುಪಾಡು ನ್ಯಾಯಸಮ್ಮತವಲ್ಲವೆಂದು ತೀರ್ಪಿತ್ತಿತು. 2020ರಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡದಲ್ಲಿಯೇ ಮಾತಾಡಿದ್ದನ್ನು ನಾವೆಲ್ಲ ಕೇಳಿದೆವು. ಅಷ್ಟರಲ್ಲಿ ಎರಡು ತಲೆಮಾರಿನ ಮಕ್ಕಳು ತಮ್ಮ ಬಾಲ್ಯದ ವೀರರೆಲ್ಲ ಅನ್ಯಭಾಷೆಯವರೆಂದು ನಂಬಿ ಬೆಳೆದಿದ್ದರು. ಕರಡಿಗೆ ಕರಡಿಯೆಂದೂ ಸೀಳುನಾಯಿಗೆ ಸೀಳುನಾಯಿಯೆಂದೂ ಹೇಳುವ ಪದಸಂಪತ್ತು ನಮ್ಮಲ್ಲಿಲ್ಲವೆಂದಲ್ಲ. ದಖ್ಖನ್ನಿನಿಂದ ಹಿಂಡುಹಿಂಡಾಗಿ ಬಂದು ಸಿಯೋನಿಯನ್ನು ನಡುಗಿಸುವ ಕೆಂಪು ನಾಯಿಗಳ ಪ್ರಸಂಗ ಮೂಲದಲ್ಲಿದೆ. ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ಬದುಕಿದ ಕನ್ನಡಿಗನಿಗೆ ಆ ಪ್ರಾಣಿಯ ಸಂಗತಿಯನ್ನು ಇಂಗ್ಲೆಂಡಿನವನು ಬಂದು ಹೇಳಬೇಕಾಗಿದ್ದಿತೇ?

ಕಿಪ್ಲಿಂಗನನ್ನು ನಾವು ಹೊಗಳಬಹುದೇ ಎಂಬ ಆಕ್ಷೇಪ ಕೆಲವರಿಗೆ ಹುಟ್ಟಿರಬಹುದು. ಆಕ್ಷೇಪ ಸರಿಯಾದದ್ದೇ. ಬಿಳಿಯರು ಉಳಿದವರನ್ನು ಆಳುವುದು ಬಿಳಿಯರು ಹೊತ್ತ ಹೊರೆಯೆಂದು 1899ರಲ್ಲಿ ಪದ್ಯ ಬರೆದವನು ಅವನು. ಜಲಿಯನ್‌ವಾಲಾ ಬಾಗಿನಲ್ಲಿ 1919ರಲ್ಲಿ ಗುಂಡು ಹಾರಿಸಿದ ಡಯರನಿಗೆಂದು ಇಂಗ್ಲೆಂಡಿನಲ್ಲಿ ಕೂಡಿಸಿದ ನಿಧಿಗೆ ಹಣ ಕೊಟ್ಟವರಲ್ಲಿ ಅವನೂ ಒಬ್ಬ. ಅವನ ಕಾಡಿನ ಕಟ್ಟಳೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಗುಣ ವಿಧೇಯತೆ. ಕೊನೆಗೆ ಮೃಗಗಳೆಲ್ಲ ಮನುಷ್ಯನ ಕಣ್ಣಿನೆದುರು ತಲೆತಗ್ಗಿಸುತ್ತವೆ. ಇದರಲ್ಲಿ ಸಾಮ್ರಾಜ್ಯದ ನೆರಳನ್ನು ವಿಮರ್ಶಕರು ಕಂಡಿದ್ದರೆ ಅದು ಹಟಮಾರಿತನವಲ್ಲ. ಮಗುವಾಗಿ ಕಾಣದ ಈ ನೆರಳನ್ನು ಕಾಣುವುದೂ ಮರುನೋಟದ ಕರ್ತವ್ಯವೇ.

ಆದರೆ ಕಥೆ ಬರೆದವನ ಕೈಯಲ್ಲಿಯೇ ಉಳಿಯುವುದಿಲ್ಲ. 1924ರಲ್ಲಿ, ಮೈಸೂರು ಸಂಸ್ಥಾನದ ಕಬಿನಿ ದಂಡೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು ಎಂಬ ಹುಡುಗನಿದ್ದ. ಕಿಪ್ಲಿಂಗನ ಇದೇ ಪುಸ್ತಕದ ಇನ್ನೊಂದು ಕಥೆಯನ್ನು ಆಧರಿಸಿ 1937ರಲ್ಲಿ ಬಂದ ಆನೆಯ ಹುಡುಗನ ಚಿತ್ರದಲ್ಲಿ ಅವನೇ ನಾಯಕ. 1942ರ ಹಾಲಿವುಡ್ ಚಿತ್ರದಲ್ಲಿ ಅವನೇ ಮೋಗ್ಲಿ. ಲೋಕ ಪರದೆಯ ಮೇಲೆ ಕಂಡ ಆ ಮೋಗ್ಲಿಯ ಮುಖ ನಮ್ಮ ಮೈಸೂರು ಸೀಮೆಯದು. ಆ ಹುಡುಗ ಕಬಿನಿಗೆ ಮರಳಿ ನೆಲೆಸಲಿಲ್ಲ. ಅಮೆರಿಕದ ಪ್ರಜೆಯಾಗಿ 1963ರಲ್ಲಿ ಅಲ್ಲಿಯೇ ತೀರಿಕೊಂಡ. ಮುಂದೆ ಸೋವಿಯೆತ್ ದೇಶದವರು 1967ರಿಂದ 1971ರವರೆಗೆ ಐದು ಭಾಗಗಳಲ್ಲಿ ಇದೇ ಕಥೆಯನ್ನು ಚಿತ್ರಿಸಿದರು; ಅವರ ಬಘೀರ ಹೆಣ್ಣು. ಡಿಸ್ನಿಯವರು ಮೂಲದಲ್ಲಿ ಜ್ಞಾನಿಯಾದ ಹೆಬ್ಬಾವನ್ನು ಖಳನನ್ನಾಗಿ ಮಾಡಿದರು. ಜಪಾನಿನವರು ಪಾಂಡಾ ಮರಿಯನ್ನು ತಂದರು. ಗುಲ್ಜಾರರು ಚಡ್ಡಿಯೆಂಬ ಮನೆಮಾತನ್ನು ಹಾಡಿಗೆ ತಂದು ಆ ಹುಡುಗನನ್ನು ನಮ್ಮ ಓಣಿಯ ಹುಡುಗನನ್ನಾಗಿ ಮಾಡಿದರು. ದುರ್ಗಸಿಂಹನ ಕಾಲಕ್ಕಾಗಲೇ ಪಂಚತಂತ್ರದ ಸಿಂಹ ನರಿಗಳು ದೇಶದೇಶಗಳನ್ನು ಸುತ್ತಿದ್ದುವು. ಪ್ರಾಣಿಗಳ ಕಥೆಗೆ ಗಡಿಯ ಕಾವಲುಗಾರರಿಲ್ಲ.

ಕಥೆಯ ಕೊನೆ ನೆನಪಿದೆಯೆ? ಹುಲಿ ಸತ್ತಲ್ಲಿಗೆ ಮಗುವಿನ ಕಥೆ ಮುಗಿಯುತ್ತದೆ. ಕಿಪ್ಲಿಂಗನ ಕಥೆ ಅಲ್ಲಿ ಮುಗಿಯುವುದಿಲ್ಲ. ಹದಿನೇಳರ ಹರೆಯದ ಹುಡುಗನಿಗೆ ವಸಂತಕಾಲದಲ್ಲಿ ಕಾರಣ ತಿಳಿಯದ ದುಃಖ ಬರುತ್ತದೆ. ಕಾಡು ಅವನನ್ನು ಅಟ್ಟುವುದಿಲ್ಲ, ಊರು ಕರೆಯುವುದಿಲ್ಲ. ಅವನೇ ಹೋಗಬೇಕಾಗಿದೆ. ಕುರುಡಾದ ಮುದಿ ಬಾಲೂ ತಡೆಯದೆ ಹರಸುತ್ತದೆ. ಅಂದು ಹೋರಿಯೊಂದನ್ನು ತೆತ್ತು ಅವನ ಪ್ರಾಣ ಕೊಂಡಿದ್ದ ಬಘೀರ ಇನ್ನೊಂದು ಹೋರಿಯನ್ನು ಕೊಂದು ಆ ಋಣ ತೀರಿತೆಂದು ಸಾರುತ್ತದೆ. ಅವನು ಸ್ವತಂತ್ರ. ಕಟ್ಟಳೆಯನ್ನು ಕಲಿಸಿದ್ದು, ಮಾತನ್ನು ಕಲಿಸಿದ್ದು, ಬೆಲೆ ತೆತ್ತು ಉಳಿಸಿಕೊಂಡದ್ದು ಎಲ್ಲವೂ ಒಂದು ದಿನ ಅವನನ್ನು ಬಿಟ್ಟುಕೊಡುವುದಕ್ಕಾಗಿ. ಇದು ಮಕ್ಕಳ ಕಥೆಯೆಂದು ಯಾರು ಹೇಳಿದರು? ಮಕ್ಕಳು ಓದಬಹುದಾದ, ದೊಡ್ಡವರು ತಾಳಿಕೊಳ್ಳಬೇಕಾದ ಕಥೆ.

ಆದ್ದರಿಂದ ಬಾಲ್ಯದ ಚಿತ್ರಮಾಲೆಯನ್ನು ಮತ್ತೆ ನೋಡುವವರನ್ನು ಕಂಡು ನಗುವ ಅಗತ್ಯವಿಲ್ಲ. ಕಳೆದ ಭಾನುವಾರಗಳನ್ನು ಹಿಡಿದು ತರಲೆಂದು ನೋಡಿದರೆ ಅವು ಸಿಕ್ಕುವುದಿಲ್ಲ. ಸಿಕ್ಕುವುದು ಸೆಕೆಂಡಿಗೆ ಎಂಟು ಚಿತ್ರಗಳು ಮಾತ್ರ. ತಾನೀಗ ಎಲ್ಲಿ ಕುಳಿತಿದ್ದೇನೆಂದು ತಿಳಿಯಲು ನೋಡಿದರೆ ಲಾಭವುಂಟು. ಇನ್ನೂ ಒಂದು ಸಲಹೆ: ಒಬ್ಬರೇ ನೋಡಬೇಡಿ. ಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಕೇಲಾ ಎಂದರೇನೆಂದು ಅದು ಕೇಳೀತು. ಕನ್ನಡದಲ್ಲಿ ಹೇಳಿ. ಕೋತಿಗಳನ್ನು ಮೆಚ್ಚಿಕೊಂಡರೆ ಮೆಚ್ಚಿಕೊಳ್ಳಲಿ, ಹುಲಿಗೆ ಹೆದರಿದರೆ ಹೆದರಲಿ. ಹಿರಿಯರನ್ನು ನೋಡೆಂದು ಅದಕ್ಕೆ ಉಪದೇಶಿಸಬೇಡಿ. ಅದಕ್ಕೆ ಅದರ ಕಾಲ ಬರುತ್ತದೆ.